ಬಹಿಷ್ಕಾರ ಹಾಕಿ, ಪ್ರೀ-ಆರ್ಡರ್ ಮಾಡಿ

ವಿಡಿಯೋ ಗೇಮ್ ಕಲೆಯೋ, ಬರೀ ಆಟವೋ? ನನ್ನ ಗೆಳೆಯರ ಬಳಿ ಇದಕ್ಕೆ ಎರಡು ಉತ್ತರ ಸಿದ್ಧವಾಗಿವೆ. ಕೇಳುತ್ತಿರುವವರು ಯಾರು ಅಂತ ನೋಡಿಕೊಂಡು ಒಂದನ್ನು ಹೊರಗೆ ತೆಗೆಯುತ್ತಾರೆ.

ಹೆಂಡತಿ ಕೇಳಿದರೆ ಕಲೆ. ಸಿನಿಮಾಕ್ಕಿಂತ ದೊಡ್ಡದು, ಕಾದಂಬರಿಗಿಂತ ಆಳ, ಈ ಶತಮಾನದ ಮಹಾಕಾವ್ಯ. ಗುಂಪಿನೊಳಗೇ ಯಾರಾದರೂ, ಇದರಲ್ಲಿ ಹೆಂಗಸರನ್ನು ಯಾಕೆ ಹೀಗೆ ತೋರಿಸಿದ್ದಾರೆ ಅಂತ ಕೇಳಿದರೆ ತಕ್ಷಣ ಬರೀ ಆಟ. 'ಅಷ್ಟೆಲ್ಲ ತಲೆ ಕೆಡಿಸ್ಕೋಬೇಡ ಮಗಾ, ಗೇಮ್ ಅಷ್ಟೇ.'

ಎರಡೂ ಮಾತು ಒಂದೇ ಬಾಯಿಂದ, ಒಂದು ಬೈಟು ಕಾಫಿ ಮುಗಿಯುವುದರೊಳಗೆ ಬರುತ್ತವೆ. ನಾಚಿಕೆಯಾಗುವುದು ಕೇಳಿಸಿಕೊಂಡವರಿಗೆ.

ಇವರು ಹುಡುಗರಲ್ಲ. ಎಲ್ಲರಿಗೂ ಮೂವತ್ತೈದು ದಾಟಿದೆ. ಎಲ್ಲರಿಗೂ ಮನೆ ಸಾಲ ಇದೆ. ಎಲ್ಲರ ಮನೆಯಲ್ಲೂ ಒಂದು ಪ್ಲೇಸ್ಟೇಷನ್ ಇದೆ. ಅದನ್ನು ಮಗನಿಗೆ ಅಂತ ಕೊಂಡದ್ದು. ಮಗನಿಗೆ ಕಂಟ್ರೋಲರ್ ಮುಟ್ಟಲು ಅನುಮತಿ ಇಲ್ಲ.

2010ರ ಏಪ್ರಿಲ್‌ನಲ್ಲಿ ಅಮೆರಿಕದ ಸಿನಿಮಾ ವಿಮರ್ಶಕ ರೋಜರ್ ಈಬರ್ಟ್, ಗೇಮುಗಳು ಎಂದಿಗೂ ಕಲೆಯಾಗಲಾರವು ಎಂದು ಬರೆದರು. ಆಟಗಾರರು ರೊಚ್ಚಿಗೆದ್ದರು. ಸಾವಿರಗಟ್ಟಲೆ ಉತ್ತರಗಳು. ವಾದ ಒಂದೇ, ಮತ್ತು ನ್ಯಾಯವಾದದ್ದೇ: ಆಡದೆ ತೀರ್ಪು ಕೊಡಲು ನೀವು ಯಾರು ಸ್ವಾಮಿ? ಈಬರ್ಟ್ ಮರ್ಯಾದಸ್ಥರು. ಅಭಿಪ್ರಾಯ ಬಿಡಲಿಲ್ಲ, ಆದರೆ ಆಡದೆ ಬರೆಯಬಾರದಿತ್ತು ಅಂತ ಜುಲೈ ಹೊತ್ತಿಗೆ ಒಪ್ಪಿಕೊಂಡರು. ಆಟಗಾರರು ಗೆದ್ದರು.

ಹತ್ತು ವರ್ಷ ಕಳೆಯಿತು. 2020ರ ಜೂನ್ 19ರಂದು 'ದಿ ಲಾಸ್ಟ್ ಆಫ್ ಅಸ್ ಪಾರ್ಟ್ 2' ಬಂತು. ಸಾಮಾನ್ಯವಾಗಿ ಆಡಿದರೆ ಒಂದು ದಿನದಲ್ಲಿ ಮುಗಿಯುವ ಆಟವಲ್ಲ. ಅಂಕಗಳನ್ನು ಒಟ್ಟುಗೂಡಿಸುವ ಮೆಟಾಕ್ರಿಟಿಕ್ ತಾಣದಲ್ಲಿ ವಿಮರ್ಶಕರ ಸರಾಸರಿ 93. ಅದೇ ಪುಟದಲ್ಲಿ, ಅದೇ ದಿನ, ಆಟಗಾರರ ಸೊನ್ನೆಗಳ ಮಳೆ. ಸಾವಿರ ಸಾವಿರ ಸೊನ್ನೆ. ಡೌನ್‌ಲೋಡ್ ಮುಗಿಯುವ ಮೊದಲೇ ತೀರ್ಪು ಬರೆದಾಗಿತ್ತು. ಕಥೆ ಏಪ್ರಿಲ್‌ನಲ್ಲೇ ಸೋರಿತ್ತಲ್ಲ, ಅದನ್ನು ಓದಿಕೊಂಡೇ ಪರೀಕ್ಷೆಗೆ ಕೂತಿದ್ದರು.

ಮೆಟಾಕ್ರಿಟಿಕ್ ಮರುತಿಂಗಳೇ ಒಂದು ನಿಯಮ ಮಾಡಿತು. ಆಟ ಬಿಡುಗಡೆಯಾದ ಮೊದಲ 36 ಗಂಟೆ ಆಟಗಾರರು ಅಂಕ ಹಾಕುವಂತಿಲ್ಲ. ದಯವಿಟ್ಟು ಮೊದಲು ಆಡಿ ಬನ್ನಿ ಎಂದು ಬೇಡಿಕೊಂಡದ್ದು ಯಾರನ್ನು? ಈಬರ್ಟ್‌ಗೆ ಪಾಠ ಹೇಳಿದವರನ್ನು.

ಕೋಪಕ್ಕೆ ಕಾರಣ ಕೇಳಿ. ಮೊದಲ ಭಾಗದಲ್ಲಿ ಇವರು ಪ್ರೀತಿಸಿದ ಜೋಯೆಲ್ ಎಂಬ ನಾಯಕ ಎರಡನೇ ಭಾಗದ ಆರಂಭದಲ್ಲೇ ಸಾಯುತ್ತಾನೆ. ಕೊಂದವಳು ಆ್ಯಬಿ. ಮುಂದೆ ಅರ್ಧ ಆಟವನ್ನು ಆ ಆ್ಯಬಿಯಾಗಿಯೇ ಆಡಬೇಕು. ಅವಳಿಗೂ ಒಬ್ಬ ಅಪ್ಪ ಇದ್ದ, ಅವನನ್ನು ಜೋಯೆಲ್ ಕೊಂದಿದ್ದ. ಸೇಡು ಸೇಡನ್ನು ಹೆರುತ್ತದೆ, ಯಾರನ್ನೂ ಉಳಿಸುವುದಿಲ್ಲ. ಇಷ್ಟು ಹೇಳಲು ಇಪ್ಪತ್ತಕ್ಕೂ ಹೆಚ್ಚು ಗಂಟೆ ತೆಗೆದುಕೊಂಡ ಆಟ ಅದು. ಆಟಗಾರರು ಇದನ್ನು ಹೇಗೆ ಅರ್ಥ ಮಾಡಿಕೊಂಡರು? ಆ್ಯಬಿಗೆ ಧ್ವನಿ ಕೊಟ್ಟ ನಟಿ ಲಾರಾ ಬೇಲಿಗೆ ಕೊಲೆ ಬೆದರಿಕೆ ಕಳಿಸಿದರು.

ಯಕ್ಷಗಾನದಲ್ಲಿ ಕೀಚಕನ ವೇಷ ಹಾಕಿದವನನ್ನು ಬೆಳಗಾದ ಮೇಲೆ ಚೌಕಿಗೆ ನುಗ್ಗಿ ಹೊಡೆಯಲು ಹೋದರೆ ಊರಿನವರು ಅಂಥವನನ್ನು ಕಂಬಕ್ಕೆ ಕಟ್ಟುತ್ತಾರೆ. ಗೇಮಿಂಗ್ ಲೋಕದಲ್ಲಿ ಅವನಿಗೆ 'ಕೋರ್ ಆಡಿಯನ್ಸ್' ಅಂತ ಹೆಸರು. ಕಂಪನಿಗಳು ಅವನ ಅಭಿಪ್ರಾಯ ಕೇಳುತ್ತವೆ.

2023ರಲ್ಲಿ ಅದೇ ಕಥೆಯ ಮೊದಲ ಭಾಗವನ್ನು ಎಚ್‌ಬಿಒ ಧಾರಾವಾಹಿ ಮಾಡಿತು. ಎರಡನೇ ಭಾಗಕ್ಕೆ ಆಡದೆ ಸೊನ್ನೆ ಹಾಕಿದ್ದ ಗೆಳೆಯ ಸೋಫಾದಲ್ಲಿ ಕೂತು ಮನೆಮಂದಿಗೆಲ್ಲ ವ್ಯಾಖ್ಯಾನ ಕೊಟ್ಟ. 'ನಾನು ಆಗ್ಲೇ ಹೇಳಿರ್ಲಿಲ್ವಾ, ಗೇಮ್‌ನಲ್ಲಿ ಎಂಥಾ ಕಥೆ ಇರುತ್ತೆ ಅಂತ?'

ಕಥೆ. ಈ ಮಾತನ್ನು ಇವರು ಉಚ್ಚರಿಸುವ ಭಕ್ತಿ ನೋಡಬೇಕು. 'ಗ್ರಾಫಿಕ್ಸ್ ಎಲ್ಲ ಆಮೇಲೆ ಮಗಾ, ನಂಗೆ ಸ್ಟೋರಿ ಮುಖ್ಯ.' ಮನೆಗೆ ಹೋಗಿ ಆಟ ಹಾಕುತ್ತಾರೆ. ಪಾತ್ರವೊಂದು ಬಾಯಿ ತೆರೆದ ಕೂಡಲೇ ಹೆಬ್ಬೆರಳು ಸ್ಕಿಪ್ ಬಟನ್ ಹುಡುಕುತ್ತದೆ. ಬರಹಗಾರ ಮೂರು ವರ್ಷ ಕೂತು ಬರೆದ ಸಂಭಾಷಣೆ ಮೂರು ಸೆಕೆಂಡಿನಲ್ಲಿ ಢಮಾರ್. ಆಮೇಲೆ ನಮಗೇ ಪ್ರಶ್ನೆ: 'ಇವ್ನ್ಯಾರು, ಇವ್ನನ್ನ ಯಾಕೆ ಹೊಡೀಬೇಕು?'

ಆಟ ಮಾರುವ ಸ್ಟೀಮ್ ತಾಣದಲ್ಲಿ ಆಟದ ಯಾವ ಘಟ್ಟವನ್ನು ಶೇಕಡಾ ಎಷ್ಟು ಮಂದಿ ದಾಟಿದ್ದಾರೆ ಅಂತ ಬಹಿರಂಗವಾಗಿಯೇ ಹಾಕಿರುತ್ತಾರೆ. ದೊಡ್ಡ ಕಥಾಪ್ರಧಾನ ಆಟಗಳ ಪುಟ ತೆರೆದು ಕೊನೆಯ ಘಟ್ಟದ ಅಂಕಿ ನೋಡಿ. ಅರ್ಧದಷ್ಟು ಜನ ಮುಗಿಸಿರುವುದೇ ಅಪರೂಪ. ಕೊನೆ ಸರಿ ಇಲ್ಲ ಅಂತ ಕೂಗುವವರ ಸಂಖ್ಯೆ ಮಾತ್ರ ಯಾವಾಗಲೂ ಅದಕ್ಕಿಂತ ಹೆಚ್ಚು.

ಕೂಗಿದ ಚರಿತ್ರೆಯೂ ಇದೆ. ಬಯೋವೇರ್ ಕಂಪನಿಯ 'ಮಾಸ್ ಎಫೆಕ್ಟ್' 2007ರಿಂದ 2012ರವರೆಗೆ ಮೂರು ಭಾಗಗಳಲ್ಲಿ ಬಂತು. ನಿನ್ನ ಒಂದೊಂದು ನಿರ್ಧಾರವೂ ಕಥೆಯನ್ನು ತಿರುಗಿಸುತ್ತದೆ ಅಂತ ಐದು ವರ್ಷ ನಂಬಿಸಿದರು. ಕೊನೆಗೆ ಕೊಟ್ಟದ್ದು ಕೆಂಪು, ನೀಲಿ, ಹಸಿರು. ಬಣ್ಣ ಬೇರೆ, ದೃಶ್ಯ ಹೆಚ್ಚುಕಡಿಮೆ ಅದೇ. ಕೋಪ ಬರಬೇಕಾದದ್ದೇ. ಅಭಿಮಾನಿಗಳು ಹಣ ಕೂಡಿಸಿ ನಾನೂರು ಕಪ್‌ಕೇಕ್ ಕಳಿಸಿದರು. ಮೇಲೆ ಮೂರು ಬಣ್ಣದ ಕ್ರೀಮ್, ಒಳಗೆ ಎಲ್ಲದಕ್ಕೂ ಒಂದೇ ರುಚಿ. ಇದಕ್ಕಿಂತ ಒಳ್ಳೆಯ ವಿಮರ್ಶೆಯನ್ನು ಯಾವ ಪತ್ರಿಕೆಯೂ ಬರೆಯಲಿಲ್ಲ. ಕಂಪನಿ ಅದನ್ನು ಊರಿನ ಯುವಜನರ ಆಶ್ರಯತಾಣಕ್ಕೆ ಕೊಟ್ಟು ಕೈತೊಳೆದುಕೊಂಡಿತು.

ಅಲ್ಲಿಗೆ ನಿಲ್ಲಿಸಿದ್ದರೆ ಇವರಿಗೆ ನಮಸ್ಕಾರ ಹಾಕುತ್ತಿದ್ದೆ. ನಿಲ್ಲಿಸಲಿಲ್ಲ. ಒಬ್ಬ ಮಹಾಶಯ ಅಮೆರಿಕದ ಗ್ರಾಹಕ ರಕ್ಷಣೆಯ ಸರ್ಕಾರಿ ಆಯೋಗಕ್ಕೇ ದೂರು ಕೊಟ್ಟ. ಕಥೆಯ ಕೊನೆ ಜಾಹೀರಾತಿನಂತೆ ಇಲ್ಲ, ಕ್ರಮ ಕೈಗೊಳ್ಳಿ. ಜೂನ್‌ನಲ್ಲಿ ಕಂಪನಿ ಕೊನೆಯನ್ನು ಹಿಗ್ಗಿಸಿ, ವಿವರಣೆ ಸೇರಿಸಿ, ಪುಕ್ಕಟೆ ಕೊಟ್ಟಿತು. ಅಂದಿನಿಂದ ಸಂಪ್ರದಾಯ ಶುರು. ಬೆಳಿಗ್ಗೆ ಮಹಾಕಾವ್ಯ, ಸಂಜೆ ಕಸ್ಟಮರ್ ಕೇರ್.

ವಿನ್ಯಾಸ ಮಾಡುವವರೇನು ಸಾಧುಗಳಲ್ಲ. 'ಅನ್‌ಚಾರ್ಟೆಡ್' ಸರಣಿಯ ನಾಯಕ ನೇಥನ್ ಡ್ರೇಕ್. ನಗುಮುಖ. ಹೆಂಡತಿ ಅಂದರೆ ಪ್ರಾಣ, ಅಣ್ಣನಿಗಾಗಿ ಮರುಗುತ್ತಾನೆ, ಮಾತಿಗೊಂದು ಜೋಕು. ನಡುನಡುವೆ ನೂರಾರು ಜನರನ್ನು ಗುಂಡಿಕ್ಕಿ ಕೊಲ್ಲುತ್ತಾನೆ. ಕಟ್‌ಸೀನ್ ಬಂತೋ, ಮತ್ತೆ ಜೋಕು. ಬಾಯಿ ಹೇಳುವ ಕಥೆ ಒಂದು, ಕೈ ಮಾಡುವ ಕೆಲಸ ಇನ್ನೊಂದು. 2007ರಲ್ಲಿ 'ಬಯೋಶಾಕ್' ಕುರಿತು ಬರೆಯುತ್ತಾ ಕ್ಲಿಂಟ್ ಹಾಕಿಂಗ್ ಎಂಬ ವಿನ್ಯಾಸಕ ಈ ಬಿರುಕಿಗೆ ಲೂಡೋನರೇಟಿವ್ ಡಿಸೊನೆನ್ಸ್ ಅಂತ ಹೆಸರಿಟ್ಟ. ವಿಮರ್ಶಕರು ಅದನ್ನು ಡ್ರೇಕ್‌ನ ಕೊರಳಿಗೂ ಕಟ್ಟಿದರು. ಕಂಪನಿ ಬಿರುಕು ಮುಚ್ಚಲಿಲ್ಲ. 2016ರ ನಾಲ್ಕನೇ ಭಾಗದಲ್ಲಿ, ಸಾವಿರ ಮಂದಿಯನ್ನು ಕೊಂದವರಿಗೆ ಅದೇ ಹೆಸರಿನ ಟ್ರೋಫಿ ಇಟ್ಟಿತು. ಬೈಗುಳವನ್ನೇ ಬಹುಮಾನ ಮಾಡಿ ವಾಪಸ್ ಹಂಚುವ ಈ ಜಾಣತನ ನಮ್ಮ ರಾಜಕಾರಣಿಗಳಿಗೂ ಇನ್ನೂ ಒಲಿದಿಲ್ಲ.

ಗೆಳೆಯನ ಬಳಿ ಆ ಟ್ರೋಫಿ ಇದೆ. ಅರ್ಥ ಕೇಳಬೇಡಿ.

2012ರ 'ಸ್ಪೆಕ್ ಆಪ್ಸ್: ದಿ ಲೈನ್' ಇನ್ನೊಂದು ತುದಿ. ದುಬೈಯಲ್ಲಿ ನಿಮ್ಮ ಕೈಯಿಂದಲೇ ಬಿಳಿ ರಂಜಕ ಸುರಿಸುತ್ತದೆ. ಸುಟ್ಟವರಲ್ಲಿ ತಾಯಿ ಮಕ್ಕಳಿದ್ದರು ಅಂತ ತೋರಿಸುತ್ತದೆ. ತಪ್ಪು ನಿಮ್ಮದೇ ಅಂತ ಕೊನೆಯವರೆಗೂ ಚುಚ್ಚುತ್ತದೆ. ಸುರಿಸದೆ ಮುಂದೆ ಹೋಗಲು ಬೇರೆ ದಾರಿ ಕೊಟ್ಟಿರಲಿಲ್ಲ ಅನ್ನುವುದು ಬೇರೆ ಮಾತು. ಆದರೂ ಯುದ್ಧದ ಆಟಗಳ ಸಂತೆಯಲ್ಲಿ ಆ ಪ್ರಶ್ನೆ ಎತ್ತಲು ಧೈರ್ಯ ಬೇಕಿತ್ತು. 2024ರ ಜನವರಿಯಲ್ಲಿ ಅದನ್ನು ಆನ್‌ಲೈನ್ ಅಂಗಡಿಗಳಿಂದ ತೆಗೆದರು. ಲೈಸೆನ್ಸ್ ಅವಧಿ ಮುಗಿಯಿತಂತೆ. ಮಹಾಕಾವ್ಯಕ್ಕೆ ಎಕ್ಸ್‌ಪೈರಿ ಡೇಟ್.

ಕೊಲ್ಲುವುದು ಬೇಡ, ಕಥೆ ಮಾತ್ರ ಕೊಡೋಣ ಅಂತ ಹೊರಟವರೂ ಇದ್ದಾರೆ. 2013ರ 'ಗಾನ್ ಹೋಮ್'ನಲ್ಲಿ ಬಂದೂಕಿಲ್ಲ. ಖಾಲಿ ಮನೆ, ಡ್ರಾಯರುಗಳು, ಕಾಗದಗಳು. ಓದುತ್ತಾ ಹೋದಂತೆ ತಂಗಿಯ ಕಥೆ ಬಿಚ್ಚಿಕೊಳ್ಳುತ್ತದೆ. ಸ್ಟೋರಿ ಮುಖ್ಯ ಅಂದವರು ಕುಣಿದಾಡಬೇಕಿತ್ತು. ಬದಲಿಗೆ ಫತ್ವಾ ಹೊರಡಿಸಿದರು: ಇದು ಗೇಮೇ ಅಲ್ಲ, ವಾಕಿಂಗ್ ಸಿಮ್ಯುಲೇಟರ್.

ಕಷ್ಟದ ವಿಷಯದಲ್ಲೂ ಇದೇ ಮಡಿವಂತಿಕೆ. 2022ರ 'ಎಲ್ಡನ್ ರಿಂಗ್'ನಲ್ಲಿ ಸುಲಭದ ಆಯ್ಕೆ ಇಲ್ಲ. ಇರಲೂಬಾರದು ಅನ್ನುವುದು ಗೆಳೆಯನ ಧರ್ಮಯುದ್ಧ. ಆಟದವರೇ ಕೊಟ್ಟಿರುವ ಪ್ರೇತ ಸಹಾಯಕರನ್ನು ಕರೆದವನು ಇವನ ಲೆಕ್ಕದಲ್ಲಿ ಮೋಸಗಾರ. ಇವನು ಮಾತ್ರ ಪ್ರತಿ ಬಾಸ್ ಎದುರೂ ಪಕ್ಕದಲ್ಲಿ ಯೂಟ್ಯೂಬ್ ತೆರೆದಿಟ್ಟುಕೊಂಡು ಕಾದಾಡುತ್ತಾನೆ. ಸೋಮವಾರ ಆಫೀಸಿಗೆ ಹೋಗಿ ಚಾಟ್‌ಜಿಪಿಟಿ ಬರೆದ ಕೋಡನ್ನು ಓದದೆ ಒಪ್ಪಿಸುತ್ತಾನೆ.

ಇನ್ನು ದುಡ್ಡು. ಇಲ್ಲಿ ಇವರ ಸ್ವಾಭಿಮಾನ ನಿಜಕ್ಕೂ ನೋಡುವಂಥದ್ದು.

2006ರಲ್ಲಿ ಬೆಥೆಸ್ಡಾ ಕಂಪನಿ 'ಆಬ್ಲಿವಿಯನ್' ಆಟದ ಕುದುರೆಗೆ ಕವಚ ಮಾರಿತು. ಎರಡೂವರೆ ಡಾಲರ್. ಕುದುರೆ ನಿಜವಲ್ಲ. ಕವಚ ನಿಜವಲ್ಲ. ಡಾಲರ್ ಮಾತ್ರ ನಿಜ. ಲೋಕವೆಲ್ಲ ನಕ್ಕಿತು. ನಕ್ಕವರೂ ಕೊಂಡರು. ಇವತ್ತು ಬಂದೂಕಿಗೆ ಬಣ್ಣ, ಹೆಲ್ಮೆಟ್ಟಿಗೆ ಕೊಂಬು, ಕುಣಿಯಲು ಒಂದು ಸ್ಟೆಪ್ಪು, ಎಲ್ಲಕ್ಕೂ ರೇಟಿದೆ. ಈಗ ನಗುವವರಿಲ್ಲ.

2009ರಲ್ಲಿ 'ಮಾಡರ್ನ್ ವಾರ್‌ಫೇರ್ 2' ಕಂಪ್ಯೂಟರ್ ಆವೃತ್ತಿಗೆ, ಆಟಗಾರರೇ ನಡೆಸಬಹುದಾದ ಡೆಡಿಕೇಟೆಡ್ ಸರ್ವರ್ ಕೊಡುವುದಿಲ್ಲ ಎಂದಿತು. ಸ್ಟೀಮ್‌ನಲ್ಲಿ ಬಹಿಷ್ಕಾರದ ಗುಂಪೇ ಕಟ್ಟಿದರು. ಪ್ರತಿಜ್ಞೆ, ಘೋಷಣೆ, ಎಲ್ಲ ಆಯಿತು. ಬಿಡುಗಡೆಯ ದಿನ ಯಾರೋ ಪುಣ್ಯಾತ್ಮ ಆ ಗುಂಪಿನ ಸದಸ್ಯರ ಪಟ್ಟಿಯ ಸ್ಕ್ರೀನ್‌ಶಾಟ್ ತೆಗೆದ. ಯಾರು ಈಗ ಏನು ಆಡುತ್ತಿದ್ದಾರೆ ಅಂತ ಹೆಸರಿನ ಕೆಳಗೇ ಬರುತ್ತದಲ್ಲ. ಕಂಡ ಹೆಸರುಗಳಲ್ಲಿ ಬಹುಪಾಲು ಆಡುತ್ತಿದ್ದದ್ದು 'ಮಾಡರ್ನ್ ವಾರ್‌ಫೇರ್ 2'. ಆ ಚಿತ್ರವನ್ನು ಚೌಕಟ್ಟು ಹಾಕಿಸಿ ಪ್ರತಿ ಆಟಗಾರನ ಮನೆಯಲ್ಲಿ ದೇವರ ಪಟದ ಪಕ್ಕ ತೂಗುಹಾಕಬೇಕು.

2017ರಲ್ಲಿ ಇಎ ಕಂಪನಿಯ 'ಸ್ಟಾರ್ ವಾರ್ಸ್ ಬ್ಯಾಟಲ್‌ಫ್ರಂಟ್ 2'. ಪೂರ್ತಿ ಬೆಲೆ ತೆತ್ತು ಕೊಂಡ ಆಟದಲ್ಲಿ ಡಾರ್ತ್ ವೇಡರ್ ಆಗಬೇಕಾದರೆ 60,000 ಕ್ರೆಡಿಟ್ ಗಳಿಸಬೇಕು. ಅದಕ್ಕೆ ನಲವತ್ತು ಗಂಟೆ ಹಿಡಿಯುತ್ತದೆ ಎಂದು ಆಟಗಾರರು ಲೆಕ್ಕ ಹಾಕಿದರು. ದುಡಿದು ಪಡೆದರೆ ಹೆಮ್ಮೆ ಎನಿಸುತ್ತದೆ ಎಂಬ ಅರ್ಥದ ಸಮಜಾಯಿಷಿ ಕಂಪನಿಯಿಂದ ಬಂತು. ಆ ಉತ್ತರಕ್ಕೆ ಬಿದ್ದ ವಿರೋಧದ ಮತಗಳು ಆರೂವರೆ ಲಕ್ಷಕ್ಕೂ ಹೆಚ್ಚು. ಗಿನ್ನೆಸ್ ದಾಖಲೆ. ವೇಡರ್ ಬೆಲೆ 15,000ಕ್ಕೆ ಇಳಿಯಿತು. ಮರುವರ್ಷ ಬೆಲ್ಜಿಯಂ, ಇಂಥ ಆಟಗಳಲ್ಲಿ ದುಡ್ಡಿಗೆ ಮಾರುವ ಲೂಟ್ ಬಾಕ್ಸ್ ಎಂಬ ಅದೃಷ್ಟದ ಪೆಟ್ಟಿಗೆಯನ್ನು ಜೂಜು ಎಂದೇ ಕರೆಯಿತು.

ಕ್ರಾಂತಿ ಗೆದ್ದಿತಲ್ಲ? ಅದೇ ಕಂಪನಿಯ ಫುಟ್‌ಬಾಲ್ ಮತ್ತಿತರ ಕ್ರೀಡಾ ಆಟಗಳಲ್ಲಿ ಅದೇ ಬಗೆಯ ಪೆಟ್ಟಿಗೆಗಳಿವೆ. 2021ರ ಹಣಕಾಸು ವರ್ಷದಲ್ಲಿ ಅವುಗಳನ್ನು ಮಾರುವ ಅಲ್ಟಿಮೇಟ್ ಟೀಮ್ ವಿಭಾಗ ಒಂದರಿಂದಲೇ ಕಂಪನಿಗೆ ಬಂದದ್ದು 160 ಕೋಟಿ ಡಾಲರ್‌ಗೂ ಹೆಚ್ಚು. ಯಾರು ಕೊಟ್ಟರು? ಮಂಗಳ ಗ್ರಹದವರೇ?

'ಸೈಬರ್‌ಪಂಕ್ 2077' ಬಗ್ಗೆ ಹೇಳದಿದ್ದರೆ ಗೆಳೆಯರಿಗೆ ಬೇಜಾರು. 2020ರ ಅಕ್ಟೋಬರ್‌ನಲ್ಲಿ ಆಟ ಇನ್ನೊಮ್ಮೆ ಮುಂದಕ್ಕೆ ಹೋದಾಗ, ಮಾಡುತ್ತಿದ್ದವರಿಗೆ ಕೊಲೆ ಬೆದರಿಕೆ ಬಂತು. ಬೇಗ ಕೊಡಿ. ಡಿಸೆಂಬರ್ 10ಕ್ಕೆ ಕೊಟ್ಟರು. ಹಳೆಯ ಪ್ಲೇಸ್ಟೇಷನ್‌ನಲ್ಲಿ ಆಟ ನೆಟ್ಟಗೆ ನಿಲ್ಲಲಿಲ್ಲ. ಎಂಟೇ ದಿನದಲ್ಲಿ ಸೋನಿ ಅದನ್ನು ತನ್ನ ಅಂಗಡಿಯಿಂದ ಹೊರಹಾಕಿತು. ಇಷ್ಟು ಬೇಗ ಯಾಕೆ ಕೊಟ್ಟಿರಿ ಅಂತ ಮತ್ತೆ ಬೈಗುಳ. ಕಣ್ಣು ಮುಚ್ಚಿ ಮುಂಗಡ ಕಟ್ಟಿದ್ದವರು 80 ಲಕ್ಷ ಜನ. ನೋಡದೆ ಸೈಟು ಕೊಂಡವನಿಗೂ ಇಷ್ಟು ಆಶ್ಚರ್ಯ ಆಗುವುದಿಲ್ಲ.

ಆಟಗಾರರ ಕೈಗೆ ಮತ ಕೊಟ್ಟರೆ ಏನಾಗುತ್ತದೆ ಎಂಬುದಕ್ಕೆ 2023ರ ಸ್ಟೀಮ್ ಪ್ರಶಸ್ತಿ ಸಾಕ್ಷಿ. ಬಿಡುಗಡೆಯಾದ ಮೇಲೂ ಪ್ರೀತಿಯಿಂದ ಪೋಷಿಸಿದ ಆಟಕ್ಕೊಂದು ಬಹುಮಾನವಿದೆ. ಗೆದ್ದದ್ದು 'ರೆಡ್ ಡೆಡ್ ರಿಡೆಂಪ್ಶನ್ 2'. ಅದರ ಆನ್‌ಲೈನ್ ವಿಭಾಗವನ್ನು ಕಂಪನಿ ಕೈಬಿಟ್ಟಿದೆ ಅಂತ ಅದರ ಆಟಗಾರರೇ ಅಳುತ್ತಿದ್ದ ಕಾಲ ಅದು. ವ್ಯಂಗ್ಯವಾಗಿ ಒತ್ತಿದ ಮತ ಲೆಕ್ಕದಲ್ಲಿ ನಿಜವಾಗಿಯೇ ಬೀಳುತ್ತದೆ ಅನ್ನುವುದು ನಮಗೆ ಹೊಸದೇನಲ್ಲ ಬಿಡಿ.

ಈಗ ಊರಿಗೆ ಬರೋಣ.

2020ರ ಸೆಪ್ಟೆಂಬರ್ 2ರಂದು ಕೇಂದ್ರ ಸರ್ಕಾರ ಚೀನಾ ನಂಟಿನ ಪಬ್‌ಜಿ ಮೊಬೈಲ್ ನಿಷೇಧಿಸಿತು. ಎರಡೇ ದಿನಕ್ಕೆ ಅಕ್ಷಯ್ ಕುಮಾರ್ ಸ್ವದೇಶಿ ಆಟ ಘೋಷಿಸಿದರು: 'ಫೌ-ಜಿ'. ಮಾಡಿದ್ದು ಬೆಂಗಳೂರಿನ ಎನ್‌ಕೋರ್ ಗೇಮ್ಸ್. ಕಥೆಗೆ ಗಲ್ವಾನ್ ಕಣಿವೆ, ಬಿಡುಗಡೆಗೆ 2021ರ ಗಣರಾಜ್ಯೋತ್ಸವ, ಆದಾಯದ ಶೇ. 20 ಹುತಾತ್ಮ ಯೋಧರ ನಿಧಿಗೆ. ವಾಟ್ಸ್‌ಆ್ಯಪ್‌ನಲ್ಲಿ ಚೀನಾ ಬಹಿಷ್ಕಾರ ಹಂಚಿದವರೆಲ್ಲ ಧ್ವಜ ಹಾಕಿಕೊಂಡು ಕಾದರು. ಆಟ ಬಂತು. ಗಲ್ವಾನ್‌ನಲ್ಲಿ ನಡೆದಂತೆಯೇ ಕೈಕೈ ಹೊಡೆದಾಟ, ದೊಣ್ಣೆ. ಬಂದೂಕಿಲ್ಲ! ಪಬ್‌ಜಿ ಥರಾ ಇಲ್ಲ! ಕೆಲವೇ ದಿನಗಳಲ್ಲಿ ರೇಟಿಂಗ್ ಜರ್ರನೆ ಮೂರರ ಆಸುಪಾಸಿಗೆ ಇಳಿಯಿತು. ಆಟ ಸಾಧಾರಣದ್ದೇ, ಸುಳ್ಳಲ್ಲ. ಆದರೆ ದೇಶಭಕ್ತಿಗೆ ಒಂದು ವಾರದ ವ್ಯಾಲಿಡಿಟಿ ಎಂದು ಯಾರೂ ಮೊದಲೇ ಹೇಳಿರಲಿಲ್ಲ.

ಪಬ್‌ಜಿ ಹೋಗಲಿಲ್ಲ. 2021ರ ಜುಲೈನಲ್ಲಿ ಬಿಜಿಎಂಐ ಎಂಬ ಹೊಸ ಹೆಸರಿನಲ್ಲಿ ಬಂತು. 2022ರ ಜುಲೈನಲ್ಲಿ ಮತ್ತೆ ಮಾಯ, 2023ರ ಮೇನಲ್ಲಿ ಮತ್ತೆ ಪ್ರತ್ಯಕ್ಷ. ಸಂಸ್ಕೃತಿ ಕೆಡದಂತೆ ನೋಡಿಕೊಂಡಿದ್ದಾರೆ. ರಕ್ತ ಹಸಿರು. ಯಾರನ್ನೂ ಕೊಲ್ಲುವುದಿಲ್ಲ, 'ಫಿನಿಶ್' ಮಾಡುತ್ತಾರೆ. ಇದು ನಿಜಲೋಕವಲ್ಲ ಅಂತ ಆಟವೇ ನೆನಪಿಸುತ್ತದೆ. ಹದಿನೆಂಟು ತುಂಬದವರು ಪೋಷಕರ ಫೋನ್ ನಂಬರ್ ಕೊಡಬೇಕು. ಪಕ್ಕದ ಬೆಂಚಿನವನೇ ಪೋಷಕ. ಹೆಣದಿಂದ ಗಿಣಿ ಬಣ್ಣದ ರಕ್ತ ಚಿಮ್ಮಿದರೆ ಮಗು ಅಹಿಂಸಾವಾದಿ ಆಗುತ್ತದೆ ಅಂತ ಯಾವ ಸಮಿತಿ ತೀರ್ಮಾನಿಸಿತೋ, ಅದರ ಸದಸ್ಯರನ್ನು ಒಮ್ಮೆ ನೋಡಬೇಕು.

ಸರ್ಕಾರಗಳ ಬಗ್ಗೆ ಹೆಚ್ಚು ಬರೆದು ಪುಟ ಹಾಳು ಮಾಡುವುದಿಲ್ಲ. ಮಗ ಮೊಬೈಲ್ ಹಿಡಿದರೆ ಕಪಾಳಕ್ಕೆ ಬಿಡುವ ಅಪ್ಪ, ಅದೇ ಕೈಯಲ್ಲಿ ಫ್ಯಾಂಟಸಿ ಕ್ರಿಕೆಟ್ ತಂಡ ಕಟ್ಟಿ ದುಡ್ಡು ಹಾಕುತ್ತಿದ್ದ. ಅದು 'ಕೌಶಲ'. ಅಂಥ ಕಂಪನಿಯ ಹೆಸರು ಭಾರತ ತಂಡದ ಎದೆಯ ಮೇಲೆ 2025ರ ಆಗಸ್ಟ್‌ವರೆಗೆ ಇತ್ತು. ದುಡ್ಡಿಟ್ಟು ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆ ಬಂತು, ಆ ಹೆಸರು ಮರೆಯಾಯಿತು. ಕೌಶಲ ಎಲ್ಲಿಗೆ ಹೋಯಿತೋ ಗೊತ್ತಿಲ್ಲ.

'ನಮ್ಮ ಪುರಾಣದ ಮೇಲೆ ಯಾಕೆ ಯಾರೂ ಗೇಮ್ ಮಾಡಲ್ಲ?' ಇದು ಪ್ರತಿ ಸಂಜೆ ಎದ್ದು ಬರುವ ಪ್ರಶ್ನೆ. ಮಾಡಿದ್ದಾರೆ. ಪುಣೆಯ ನಾಡಿಂಗ್ ಹೆಡ್ಸ್ ಗೇಮ್ಸ್ ಎಂಬ ಪುಟ್ಟ ತಂಡ 'ರಾಜಿ' ಮಾಡಿತು. ತಮ್ಮನನ್ನು ಹುಡುಕಿ ಹೊರಟ ಹುಡುಗಿ, ಬೆನ್ನಿಗೆ ದುರ್ಗೆ. 2017ರಲ್ಲಿ ಕಿಕ್‌ಸ್ಟಾರ್ಟರ್‌ನಲ್ಲಿ ಕೈಯೊಡ್ಡಿದಾಗ ಬೇಕಾದಷ್ಟು ಹಣ ಹುಟ್ಟಲಿಲ್ಲ. ಪುರಾಣಪ್ರಿಯರು ಆಗ ಎಲ್ಲಿದ್ದರೋ. ಹಾಗೂ ಹೀಗೂ 2020ರಲ್ಲಿ ಹೊರತಂದರು. ಗೇಮ್ ಅವಾರ್ಡ್ಸ್‌ನಲ್ಲಿ ಚೊಚ್ಚಲ ಆಟಗಳ ವಿಭಾಗಕ್ಕೆ ನಾಮನಿರ್ದೇಶನವಾಯಿತು. ಗೆಳೆಯನಿಗೆ ಹೇಳಿದೆ. ಎಷ್ಟು ಗಂಟೆ ಆಟ ಅಂತ ಕೇಳಿದ. ಐದಾರು ಎಂದೆ. 'ಅಯ್ಯೋ, ಅಷ್ಟೇನಾ? ದುಡ್ಡಿಗೆ ಮೋಸ.' ನೂರು ಗಂಟೆಯ ಆಟಗಳನ್ನು ಹತ್ತು ಗಂಟೆಗೆ ಕೈಬಿಟ್ಟ ದಾಖಲೆ ಇವನದು.

ಹೆಣ್ಣುಮಕ್ಕಳ ಮಾತು. ಗುಂಪಿನಲ್ಲಿ ಒಬ್ಬಳು ಗೆಳತಿ ಇದ್ದಾಳೆ. ಇವರೆಲ್ಲರಿಗಿಂತ ಚೆನ್ನಾಗಿ ಆಡುತ್ತಾಳೆ. ಆನ್‌ಲೈನ್ ಹೋದಾಗ ಮೈಕ್ ಆಫ್. ಧ್ವನಿ ಕೇಳಿಸಿದರೆ ಸಾಕು, ಎದುರಾಳಿಗಳು ಆಟ ಬಿಟ್ಟು ಅವಳ ಅಡುಗೆ, ಮದುವೆ, ಮೈಮಾಟ ವಿಚಾರಿಸಲು ಶುರುಮಾಡುತ್ತಾರೆ. ಶುದ್ಧ ಕನ್ನಡದಲ್ಲಿ. ಭಾಷಾಭಿಮಾನ ಎಲ್ಲಿ ಉಳಿದಿದೆ ಅಂತ ಕೇಳುವವರಿಗೆ ಇದೊಂದು ಉತ್ತರ. 2014ರಲ್ಲಿ ಗೇಮರ್‌ಗೇಟ್ ಎಂಬ ಆನ್‌ಲೈನ್ ಗಲಾಟೆ ನಡೆದಾಗ, ಆಟಗಳಲ್ಲಿ ಹೆಣ್ಣಿನ ಚಿತ್ರಣವನ್ನು ಪ್ರಶ್ನಿಸಿದ್ದ ಅನಿತಾ ಸರ್ಕೀಸಿಯನ್ ಅಮೆರಿಕದ ಯೂಟಾ ರಾಜ್ಯದ ವಿಶ್ವವಿದ್ಯಾಲಯವೊಂದರಲ್ಲಿ ಮಾತಾಡಬೇಕಿತ್ತು. ಬಂದರೆ ಗುಂಡು ಹಾರಿಸುತ್ತೇವೆ ಎಂಬ ಬೆದರಿಕೆ ಬಂತು. ಭಾಷಣ ರದ್ದು. ಆ ಗಲಾಟೆ ಎಬ್ಬಿಸಿದವರ ಘೋಷಣೆ ಏನಿತ್ತು ಗೊತ್ತೇ? ಪತ್ರಿಕಾ ನೀತಿ ಉಳಿಸಿ.

ಮೊನ್ನೆಯ ಚರ್ಚೆ 'ಜಿಟಿಎ 6'. 2025ಕ್ಕೆ ಬರಬೇಕಿತ್ತು. 2026ರ ಮೇ ಎಂದರು, ಆಮೇಲೆ ನವೆಂಬರ್ 19 ಎಂದರು. ಗೆಳೆಯರು ಕುದಿಯುತ್ತಿದ್ದಾರೆ. ಇವರೇ 2018ರಲ್ಲಿ, ಆ ಆಟ ಮಾಡುವ ರಾಕ್‌ಸ್ಟಾರ್ ಕಂಪನಿಯ ಡ್ಯಾನ್ ಹೌಸರ್ ವಾರಕ್ಕೆ ನೂರು ಗಂಟೆ ದುಡಿದ ಮಾತಾಡಿದಾಗ ಕಂಬನಿ ಮಿಡಿದವರು. ಅದು ಬರಹಗಾರರ ಚಿಕ್ಕ ತಂಡದ ಮಾತು ಅಂತ ಆತ ಆಮೇಲೆ ಸಮಜಾಯಿಷಿ ಕೊಟ್ಟರೂ ಬಿಡಲಿಲ್ಲ. ವಾರಕ್ಕೆ 70 ಗಂಟೆ ಎಂದ ನಾರಾಯಣ ಮೂರ್ತಿಯವರನ್ನೂ ಬಿಟ್ಟಿರಲಿಲ್ಲ. ಕೆಲಸಗಾರರನ್ನು ಹಿಂಡಬೇಡಿ. ಆಟ ಬೇಗ ಕೊಡಿ. ಎರಡೂ ಒಂದೇ ಉಸಿರಿನಲ್ಲಿ.

ರಾಕ್‌ಸ್ಟಾರ್‌ಗೆ ಬೆಂಗಳೂರಿನಲ್ಲೇ ಸ್ಟುಡಿಯೋ ಇದೆ. 1997ರಲ್ಲಿ ಇಲ್ಲಿ ಶುರುವಾದ ಧ್ರುವ ಇಂಟರಾಕ್ಟಿವ್ ಅನ್ನು 2019ರಲ್ಲಿ ಕೊಂಡು ಅದರೊಳಗೆ ಸೇರಿಸಿಕೊಂಡರು. ಅಂದರೆ ಇವರು ಬೈಯುತ್ತಿರುವ ಆ ಸೋಮಾರಿಗಳಲ್ಲಿ ಕೆಲವರು ಇವರ ಹಿಂದೆಯೇ ಟ್ರಾಫಿಕ್ಕಿನಲ್ಲಿ ನಿಂತು ಮನೆ ಸೇರುವವರು. ಹೇಳಿದೆ. ಒಂದು ನಿಮಿಷ ಸುಮ್ಮನಾದರು. ಆಮೇಲೆ, ಅವರಲ್ಲಿ ಯಾರಾದರೂ ಪರಿಚಯ ಇದ್ದರೆ ಒಂದು ಕಾಪಿ ಮೊದಲೇ ಸಿಗುತ್ತಾ ಅಂತ ಕೇಳಿದರು.

ಇದನ್ನು ಓದುತ್ತಿರುವ ಆಟಗಾರ ಮಹಾಶಯರಲ್ಲಿ ಒಂದು ವಿನಂತಿ. ಮುಂಗಡ ಕಟ್ಟಬೇಡಿ. ಆಟ ಬಂದ ಮೇಲೆ ಒಂದು ತಿಂಗಳು ಕಾಯಿರಿ. ಕೊಂಡ ಮೇಲೆ ಪಾತ್ರಗಳು ಹೇಳುವುದನ್ನು ಪೂರ್ತಿ ಕೇಳಿ, ಕೊನೆ ಮುಟ್ಟಿ, ಆಮೇಲೆ ಎಷ್ಟು ಬೇಕಾದರೂ ಬೈಯಿರಿ, ನಾನೂ ಜೊತೆಗೆ ಬೈಯುತ್ತೇನೆ. ಕಾಯಲು ಆಗುವುದೇ ಇಲ್ಲವೇ? ಕಟ್ಟಿಬಿಡಿ, ದುಡ್ಡು ನಿಮ್ಮದು. ಮೋಸ ಹೋದೆ ಅಂತ ಮಧ್ಯರಾತ್ರಿ ನನಗೆ ಫೋನ್ ಮಾಡಬೇಡಿ.